ಸಂಬದ್ಧ ದತ್ತಾಂಶದಲ್ಲಿ ಉತ್ತರಗಳ ಸಂಚಯವೂ ಪುಟವಿಭಾಗವೂ

೧

ಒಂದು ಪ್ರಶ್ನೆಗೆ ಒಮ್ಮೆ ದೊರೆತ ಉತ್ತರವನ್ನು, ಅದೇ ಪ್ರಶ್ನೆ ಮರಳಿ ಬಂದಾಗ ಉಪಯೋಗಿಸಲೆಂದು ಕಾದಿಡುವುದು ಒಂದು ಉಪಾಯ; ಉತ್ತರವು ಅತಿ ದೀರ್ಘವಾದಲ್ಲಿ ಅದನ್ನು ಪುಟಪುಟವಾಗಿ ಒಡೆದು ಕೊಡುವುದು ಇನ್ನೊಂದು. ಗಣಕಯಂತ್ರಶಾಸ್ತ್ರದಲ್ಲಿ ಮೊದಲನೆಯದಕ್ಕೆ ಕ್ಯಾಶ್ ಎಂದೂ ಎರಡನೆಯದಕ್ಕೆ ಪೇಜಿಂಗ್ ಎಂದೂ ಹೆಸರು. ಇಲ್ಲಿ ಅವನ್ನು ಕ್ರಮವಾಗಿ ಸಂಚಯವೆಂದೂ ಪುಟವಿಭಾಗವೆಂದೂ ಕರೆಯಲಾಗಿದೆ. ಎರಡೂ ಶ್ರಮವನ್ನು ಉಳಿಸತಕ್ಕ ಉಪಾಯಗಳು. ಎರಡಕ್ಕೂ ಒಂದೊಂದು ಬೆಲೆಯುಂಟು. ಸಂಚಯದಲ್ಲಿಟ್ಟ ಉತ್ತರವು ಹಳತಾಗಬಹುದು. ಪುಟಗಳಾಗಿ ಒಡೆದ ಉತ್ತರವು ಮರಳಿ ಜೋಡಿಸುವಾಗ ಅಖಂಡವಾಗದೆ ಹೋಗಬಹುದು.

ಇದು ಯಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ವಿಚಾರವೆಂದು ಭಾವಿಸಲಾಗದು. ಸ್ವೀಡನ್ ದೇಶದ ಗ್ರಂಥಾಲಯಗಳ ಒಕ್ಕೂಟಸೂಚಿಯಾದ ಲಿಬ್ರಿಸ್ ೨೦೦೮ರಲ್ಲಿಯೂ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ವಿಷಯಶೀರ್ಷಿಕೆಗಳ ಮಟ್ಟಿಗೆ ೨೦೦೯ರಲ್ಲಿಯೂ, ಲಿಂಕ್ಡ್ ಡೇಟಾ ಎಂಬ ರೂಪದಲ್ಲಿ ತಮ್ಮ ಸಾಮಗ್ರಿಯನ್ನು ಪ್ರಕಟಿಸಿದವು. ಅಂದಿನಿಂದ ಗ್ರಂಥಗಳ, ಗ್ರಂಥಕರ್ತರ, ಸ್ಥಳಗಳ ಪಟ್ಟಿಗಳನ್ನು ವಿದ್ವಾಂಸರು ಇಂತಹ ಭಾಂಡಾರಗಳಿಂದ ಪಡೆಯುವುದು ಹೆಚ್ಚಾಗುತ್ತ ಬಂದಿದೆ. ಓಲೆಯ ಪ್ರತಿಯಲ್ಲಿ ಒಂದು ಗರಿ ಕಳೆದುಹೋದರೆ ಗರಿಯ ಅಂಕೆಯಿಂದಲೂ ನಡುವೆ ಮುರಿದ ಪದ್ಯದಿಂದಲೂ ಆ ಲೋಪವು ಸಂಪಾದಕನಿಗೆ ಗೊತ್ತಾಗುತ್ತದೆ. ಪುಟಪುಟವಾಗಿ ತರಿಸಿಕೊಂಡ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಅಂತಹ ಗುರುತು ಯಾವುದೂ ಉಳಿಯುವುದಿಲ್ಲ. ಈ ದೋಷವು ಹೇಗೆ ಹುಟ್ಟಿತು, ಅದನ್ನು ನೀಗಲು ಏನೇನು ಯತ್ನಗಳು ನಡೆದುವು, ಅವು ಎಷ್ಟರಮಟ್ಟಿಗೆ ಫಲಿಸಿದುವು ಎಂಬುದನ್ನು ಕಾಲಕ್ರಮದಲ್ಲಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

೨

ಪುಟವಿಭಾಗದ ಮೂಲವನ್ನು ಹುಡುಕುತ್ತ ಹೋದರೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯಕ್ಕೆ ಬರಬೇಕಾಗುತ್ತದೆ. ಅಲ್ಲಿ ಟಾಮ್ ಕಿಲ್ಬರ್ನರೂ ಅವರ ಸಹೋದ್ಯೋಗಿಗಳೂ ಫೆರಾಂಟಿ ಸಂಸ್ಥೆಯೊಡನೆ ಕೂಡಿ ನಿರ್ಮಿಸಿದ ಅಟ್ಲಾಸ್ ಎಂಬ ಗಣಕಯಂತ್ರವು ೧೯೬೨ನೆಯ ಡಿಸೆಂಬರ್ ೭ರಂದು ಉದ್ಘಾಟಿತವಾಯಿತು. ಅದಕ್ಕೆ ಎರಡು ಬಗೆಯ ಸ್ಮೃತಿಕೋಶಗಳಿದ್ದುವು. ಅಯಸ್ಕಾಂತಗುಣವುಳ್ಳ ಸಣ್ಣ ಬಳೆಗಳಿಂದಾದ ಶೀಘ್ರಕೋಶದಲ್ಲಿ ೧೬,೩೮೪ ಪದಗಳಿಗೆ ಮಾತ್ರ ಸ್ಥಳ. ತಿರುಗುವ ಉರುಳೆಗಳ ಮಂದಕೋಶದಲ್ಲಿ ೯೮,೩೦೪ ಪದಗಳಿಗೆ ಸ್ಥಳ. ಕಿಲ್ಬರ್ನರು ಎರಡನ್ನೂ ೫೧೨ ಪದಗಳ ಸಮಾನ ತುಂಡುಗಳಾಗಿ ವಿಭಾಗಿಸಿ, ತುಂಡಿಗೆ ಪುಟವೆಂದು ಹೆಸರಿಟ್ಟರು. ಬೇಕಾದ ಪುಟವು ಶೀಘ್ರಕೋಶದಲ್ಲಿ ಇಲ್ಲದಿದ್ದರೆ ಯಂತ್ರವು ತಾನಾಗಿಯೇ ಅದನ್ನು ಉರುಳೆಯಿಂದ ತಂದು, ಸದ್ಯಕ್ಕೆ ಬೇಡವೆಂದು ತೋರಿದ ಇನ್ನೊಂದು ಪುಟವನ್ನು ಹಿಂದಕ್ಕೆ ಕಳುಹಿಸುತ್ತಿತ್ತು. ಕ್ರಮವಿಧಿಯನ್ನು ಬರೆಯುವವನಿಗೆ ಎರಡು ಕೋಶಗಳೂ ಸೇರಿ ಒಂದೇ ವಿಶಾಲವಾದ ಕೋಶದಂತೆ ತೋರುತ್ತಿದ್ದುವು. ಆದಕಾರಣವೇ ೧೯೬೨ರ ಅವರ ಪ್ರಬಂಧವು ಇದನ್ನು ಏಕಸ್ತರದ ಸಂಗ್ರಹವೆಂದು ಕರೆಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಅಟ್ಲಾಸಿನಲ್ಲಿ ಪುಟಗಳ ಸಂದುಗಳು ಉಪಯೋಗಿಸುವವನಿಗೆ ಕಾಣುತ್ತಿರಲಿಲ್ಲ. ಅವು ಕೂಡುವ ಹೊಣೆಯೆಲ್ಲ ಯಂತ್ರದ್ದೇ ಆಗಿತ್ತು.

ಸಂಚಯದ ಕಲ್ಪನೆಯನ್ನು ಸ್ಪಷ್ಟವಾಗಿ ಮುಂದಿಟ್ಟವರು ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್. ೧೯೬೫ರಲ್ಲಿ ಪ್ರಕಟವಾದ ಎರಡು ಪುಟಗಳ ಚಿಕ್ಕ ಲೇಖನದಲ್ಲಿ ಅವರು, ಮುಖ್ಯ ಸ್ಮೃತಿಕೋಶದ ಮುಂದೆ ಇನ್ನೂ ಶೀಘ್ರವಾದ ಒಂದು ಸಣ್ಣ ಕೋಶವನ್ನಿಟ್ಟು, ಆಗತಾನೆ ಉಪಯೋಗಿಸಿದ ಪದಗಳ ಪ್ರತಿಯನ್ನು ಅದರಲ್ಲಿ ಉಳಿಸಿಕೊಳ್ಳಬಹುದೆಂದು ತೋರಿಸಿದರು. ಒಮ್ಮೆ ಬೇಕಾದುದು ಬೇಗನೆ ಮತ್ತೆ ಬೇಕಾಗುವ ಸಂಭವ ಹೆಚ್ಚು ಎಂಬುದು ಇದರ ಆಧಾರ. ವಿಲ್ಕ್ಸರು ಆ ಕೋಶವನ್ನು ದಾಸಸ್ಮೃತಿ ಎಂಬ ಅರ್ಥದ ಮಾತಿನಿಂದ ಕರೆದರು. ಆ ಹೆಸರು ನಿಲ್ಲಲಿಲ್ಲ. ಐ.ಬಿ.ಎಂ. ಸಂಸ್ಥೆಯು ೧೯೬೮ರಲ್ಲಿ ಹೊರತಂದ ೩೬೦/೮೫ ಎಂಬ ಯಂತ್ರದಲ್ಲಿ ಈ ಏರ್ಪಾಡು ಇತ್ತು. ಅದನ್ನು ವರ್ಣಿಸುವ ಲೇಖನವು ಆ ಸಂಸ್ಥೆಯ ಪತ್ರಿಕೆಗಾಗಿ ಸಿದ್ಧವಾಗುತ್ತಿದ್ದಾಗ ಸಂಪಾದಕರಾದ ಲೈಲ್ ಜಾನ್ಸನ್ನರು ಲೇಖಕರು ಬಳಸಿದ್ದ ಒಣ ಪರಿಭಾಷೆಗೆ ಒಪ್ಪದೆ, ಹೆಚ್ಚು ಅರ್ಥವ್ಯಂಜಕವಾದ ಪದವೊಂದನ್ನು ಕೇಳಿದರು. ಯಾರಿಗೂ ತೋಚದಿರಲು ತಾವೇ ಕ್ಯಾಶ್ ಎಂಬುದನ್ನು ಸೂಚಿಸಿದರು. ಬಚ್ಚಿಡು ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದ ಈ ಶಬ್ದವು ಮೊದಲು ಉತ್ತರ ಅಮೆರಿಕದ ಬೇಟೆಗಾರರು ದಾರಿಯಲ್ಲಿ ಅಡಗಿಸಿಡುತ್ತಿದ್ದ ಬುತ್ತಿಗೆ ಸಲ್ಲುತ್ತಿತ್ತು. ಕನ್ನಡಲಿಪಿಯಲ್ಲಿ ಬರೆದಾಗ ಇದು ನಗದುಹಣದ ಕ್ಯಾಶಿನಂತೆಯೇ ಕಾಣುವುದಾದರೂ ಎರಡಕ್ಕೂ ವ್ಯುತ್ಪತ್ತಿಯಲ್ಲಿ ಸಂಬಂಧವಿಲ್ಲ.

೩

ಯಂತ್ರದೊಳಗಿನ ಈ ಉಪಾಯಗಳು ಜಾಲಕ್ಕೆ ಬಂದಾಗ ಅವುಗಳ ಸ್ವರೂಪ ಬದಲಾಯಿತು. ಟಿಮ್ ಬರ್ನರ್ಸ್-ಲೀ ಅವರು ಜಿನೀವದ ಬಳಿಯ ಸರ್ನ್ ಸಂಸ್ಥೆಯಲ್ಲಿ ೧೯೮೯ರಲ್ಲಿ ವಿಶ್ವಜಾಲದ ಯೋಜನೆಯನ್ನು ಮಂಡಿಸಿದರು. ಜಾಲದಲ್ಲಿ ಸರ್ವರಿಗೂ ಓದುಗನ ಯಂತ್ರಕ್ಕೂ ನಡೆಯುವ ವ್ಯವಹಾರದ ಕಟ್ಟಳೆಯೇ ಎಚ್.ಟಿ.ಟಿ.ಪಿ. ಅದರಲ್ಲಿ ಪ್ರತಿಯೊಂದು ಬೇಡಿಕೆಯೂ ಸ್ವತಂತ್ರ; ಹಿಂದಿನ ಬೇಡಿಕೆಯ ನೆನಪನ್ನು ಸರ್ವರು ಇಟ್ಟುಕೊಂಡಿರಬೇಕಾಗಿಲ್ಲ. ಈ ಮರೆವೇ ಜಾಲವು ಬೆಳೆಯಲು ಒಂದು ಕಾರಣವಾಯಿತು. ಉತ್ತರದ ಪ್ರತಿಯನ್ನು ದಾರಿಯಲ್ಲಿ ಯಾರು ಬೇಕಾದರೂ ಸಂಚಯಿಸಿಟ್ಟು, ಅದೇ ಬೇಡಿಕೆ ಬಂದಾಗ ಕೊಡಬಹುದಾಯಿತು.

ಹಾಗೆ ಕೊಟ್ಟ ಪ್ರತಿ ಹಳತಾಗಿಲ್ಲವೆಂದು ತಿಳಿಯುವುದು ಹೇಗೆ? ೧೯೯೬ರ ಕಟ್ಟಳೆಯು ಪತ್ರವು ಕೊನೆಯ ಬಾರಿ ಬದಲಾದ ದಿನವನ್ನೂ ಅದರ ಅವಧಿಯನ್ನೂ ನಮೂದಿಸುವ ಏರ್ಪಾಡನ್ನು ಕೊಟ್ಟಿತು. ೧೯೯೭ರ ಪರಿಷ್ಕರಣದಲ್ಲಿ ಈಟ್ಯಾಗ್ ಎಂಬ ಗುರುತು ಸೇರಿತು. ಇದು ಪತ್ರಕ್ಕೆ ಒತ್ತಿದ ಮುದ್ರೆಯಂತೆ: ಪತ್ರವು ಬದಲಾದರೆ ಮುದ್ರೆಯೂ ಬದಲಾಗುವುದು. ಸಂಚಯವನ್ನಿಟ್ಟವನು ಮುದ್ರೆಯನ್ನು ಮಾತ್ರ ಸರ್ವರಿಗೆ ತೋರಿಸುತ್ತಾನೆ. ಅದು ಹಿಂದಿನದೇ ಆಗಿದ್ದಲ್ಲಿ ಸರ್ವರು ೩೦೪ ಎಂಬ ಸಂಖ್ಯೆಯಿಂದ ಬದಲಾವಣೆಯಿಲ್ಲವೆಂದು ಸೂಚಿಸಿ, ಪತ್ರವನ್ನು ಮತ್ತೆ ಕಳುಹಿಸದೆ ಸುಮ್ಮನಾಗುತ್ತದೆ.

ಇಷ್ಟೂ ಇಡಿಯ ಪತ್ರಗಳ ಮಾತಾಯಿತು. ಪತ್ರಗಳೊಳಗಿನ ಸಂಗತಿಗಳನ್ನೇ ಜಾಲದಲ್ಲಿ ಹೆಣೆಯುವ ಯತ್ನವು ೧೯೯೯ರ ಫೆಬ್ರವರಿಯಲ್ಲಿ ಆರ್.ಡಿ.ಎಫ್. ಎಂಬ ರೂಪವು ವಿಶ್ವಜಾಲ ಒಕ್ಕೂಟದ ಮನ್ನಣೆಯನ್ನು ಪಡೆದಾಗ ನೆಲೆಗೊಂಡಿತು. ಅದರಲ್ಲಿ ಪ್ರತಿಯೊಂದು ಸಂಗತಿಯೂ ಮೂರು ಅಂಗಗಳ ವಾಕ್ಯ: ವಿಕ್ರಮಾರ್ಜುನವಿಜಯ, ಕರ್ತೃ, ಪಂಪ. ತ್ರಿಪದಿ ಎಂಬುದು ಛಂದಸ್ಸಿನಲ್ಲಿ ರೂಢವಾದ ಹೆಸರಾದುದರಿಂದ ಇದನ್ನು ತ್ರಿಕವೆನ್ನುವುದು ಉಚಿತ. ೨೦೦೬ರಲ್ಲಿ ಬರ್ನರ್ಸ್-ಲೀ ಅವರು ಇಂತಹ ತ್ರಿಕಗಳನ್ನು ಪ್ರಕಟಿಸಲು ನಾಲ್ಕು ನಿಯಮಗಳನ್ನು ಬರೆದಿಟ್ಟರು. ಪ್ರತಿ ವಸ್ತುವಿಗೂ ಜಾಲದಲ್ಲಿ ಒಂದು ವಿಳಾಸವಿರಬೇಕು, ಆ ವಿಳಾಸಕ್ಕೆ ಹೋದವನಿಗೆ ಉಪಯುಕ್ತವಾದ ವಿವರವೂ ಇತರ ವಸ್ತುಗಳಿಗೆ ದಾರಿಯೂ ದೊರೆಯಬೇಕು ಎಂಬುದು ಅವುಗಳ ಸಾರ. ಸಂಬದ್ಧ ದತ್ತಾಂಶವೆಂದರೆ ಇದೇ. ಬರ್ಲಿನ್ ಮತ್ತು ಲೈಪ್ಸಿಗ್ ವಿಶ್ವವಿದ್ಯಾನಿಲಯಗಳವರು ಓಪನ್‌ಲಿಂಕ್ ಸಂಸ್ಥೆಯೊಡನೆ ಸೇರಿ ೨೦೦೭ರಲ್ಲಿ ಹೊರಡಿಸಿದ ಡಿಬಿಪೀಡಿಯವು ವಿಕಿಪೀಡಿಯದಿಂದ ಆಯ್ದ ಸಂಗತಿಗಳನ್ನು ಈ ರೂಪಕ್ಕೆ ತಂದು, ಬೇರೆ ಬೇರೆ ಭಾಂಡಾರಗಳಿಗೆ ನಡುಗಂಬದಂತಾಯಿತು.

೪

ತ್ರಿಕಗಳ ರಾಶಿಯಲ್ಲಿ ಬೇಕಾದುದನ್ನು ಕೇಳಲು ಒಂದು ಭಾಷೆ ಬೇಕಾಯಿತು. ಸ್ಪಾರ್ಕಲ್ ಎಂಬ ಪ್ರಶ್ನಭಾಷೆಯು ೨೦೦೮ನೆಯ ಜನವರಿ ೧೫ರಂದು ಒಕ್ಕೂಟದ ಮನ್ನಣೆಯನ್ನು ಪಡೆಯಿತು. ಇದರಲ್ಲಿ ಯಾರು ಬೇಕಾದರೂ ಎಷ್ಟು ಜಟಿಲವಾದ ಪ್ರಶ್ನೆಯನ್ನಾದರೂ ಕೇಳಬಹುದು. ಈ ಔದಾರ್ಯದ ಭಾರವೆಷ್ಟೆಂಬುದು ಮೊದಲೇ ತಿಳಿದಿತ್ತು: ಚಿಲಿ ದೇಶದ ಪೆರೆಸ್, ಅರೆನಾಸ್, ಗುಟಿಯೆರೆಸ್ ಎಂಬ ಮೂವರು ೨೦೦೬ರಲ್ಲಿಯೇ, ಈ ಭಾಷೆಯ ಪ್ರಶ್ನೆಗಳಿಗೆ ಉತ್ತರ ಕಂಡುಹಿಡಿಯುವುದು ಗಣನಶಾಸ್ತ್ರದ ಅತಿಕಠಿನ ವರ್ಗಗಳಲ್ಲಿ ಒಂದಕ್ಕೆ ಸೇರಿದುದೆಂದು ಸಾಧಿಸಿದ್ದರು.

ಉತ್ತರವನ್ನು ಭಾಗಭಾಗವಾಗಿ ಪಡೆಯಲು ಈ ಭಾಷೆಯಲ್ಲಿ ಎರಡು ಮಾತುಗಳುಂಟು. ಲಿಮಿಟ್ ಎಂಬುದು ಎಷ್ಟು ಸಾಲುಗಳು ಬೇಕೆಂಬುದನ್ನೂ, ಆಫ್‌ಸೆಟ್ ಎಂಬುದು ಮೊದಲಿನ ಎಷ್ಟು ಸಾಲುಗಳನ್ನು ಬಿಟ್ಟು ಕೊಡಬೇಕೆಂಬುದನ್ನೂ ಹೇಳುತ್ತವೆ. ಹಳೆಯ ದತ್ತಾಂಶಭಾಂಡಾರಗಳಲ್ಲಿ ಕೇಳುವವನಿಗೂ ಸರ್ವರಿಗೂ ನಡುವೆ ಸಂಭಾಷಣೆ ಮುಂದುವರಿಯುತ್ತಿತ್ತು. ಎಲ್ಲಿಯವರೆಗೆ ಓದಿಯಾಯಿತೆಂಬ ಗುರುತನ್ನು ಸರ್ವರೇ ಇಟ್ಟುಕೊಳ್ಳುತ್ತಿತ್ತು. ಜಾಲದ ಕಟ್ಟಳೆಯಲ್ಲಿ ಆ ನೆನಪಿಲ್ಲ. ಆದುದರಿಂದ ಪ್ರತಿ ಪುಟಕ್ಕೂ ಪ್ರಶ್ನೆಯನ್ನು ಮೊದಲಿನಿಂದ ಬಿಡಿಸಬೇಕಾಗುವುದು. ಉದಾಹರಣೆಗೆ ೫,೦೦೦ ಸಾಲುಗಳ ಉತ್ತರವನ್ನು ನೂರು ನೂರರಂತೆ ೫೦ ಪುಟಗಳಲ್ಲಿ ತರಿಸಿಕೊಳ್ಳುವವನಿದ್ದಾನೆ ಎನ್ನೋಣ. ಮೊದಲ ಪುಟಕ್ಕೆ ಸರ್ವರು ೧೦೦ ಸಾಲುಗಳನ್ನು ಸಿದ್ಧಪಡಿಸುತ್ತದೆ. ಎರಡನೆಯದಕ್ಕೆ ೨೦೦ನ್ನು ಸಿದ್ಧಪಡಿಸಿ ೧೦೦ನ್ನು ಎಸೆಯುತ್ತದೆ. ಐವತ್ತನೆಯದಕ್ಕೆ ೫,೦೦೦ವನ್ನು ಸಿದ್ಧಪಡಿಸಿ ೪,೯೦೦ನ್ನು ಎಸೆಯುತ್ತದೆ. ಪ್ರತಿ ಸಲವೂ ಮೊದಲಿನಿಂದ ತೊಡಗುವ ಸರ್ವರಾದರೆ ೫,೦೦೦ ಸಾಲುಗಳಿಗಾಗಿ ಒಟ್ಟು ೧,೨೭,೫೦೦ ಸಾಲುಗಳ ಶ್ರಮವಾಗುತ್ತದೆ. ಶ್ರಮವನ್ನು ಉಳಿಸಲೆಂದು ಬಂದ ಉಪಾಯವು ಶ್ರಮವನ್ನು ಹೆಚ್ಚಿಸಿದುದು ಹೀಗೆ.

ಇದಕ್ಕಿಂತ ಗುರುತರವಾದುದು ಸತ್ಯದ ಪ್ರಶ್ನೆ. ತ್ರಿಕಗಳ ರಾಶಿಗೆ ಸ್ವಭಾವತಃ ಅನುಕ್ರಮವಿಲ್ಲ. ಆದುದರಿಂದ ಸಾಲುಗಳನ್ನು ಒಂದು ನಿಯತಕ್ರಮದಲ್ಲಿ ಜೋಡಿಸೆಂದು ಪ್ರಶ್ನೆಯಲ್ಲಿಯೇ ವಿಧಿಸದಿದ್ದರೆ ಲಿಮಿಟ್ ಆಫ್‌ಸೆಟ್‌ಗಳಿಂದ ಪ್ರಯೋಜನವಾಗದೆಂದು ಭಾಷೆಯ ಲಕ್ಷಣಗ್ರಂಥವೇ ಎಚ್ಚರಿಸುತ್ತದೆ. ಕ್ರಮವನ್ನು ವಿಧಿಸಿದರೂ ಅಪಾಯವು ಪೂರ್ತಿ ಹೋಗುವುದಿಲ್ಲ. ಅಕಾರಾದಿಯಾಗಿ ೨೫೦ ಕವಿಗಳ ಪಟ್ಟಿಯಿದೆ ಎನ್ನೋಣ. ಮೊದಲ ನೂರು ಹೆಸರುಗಳನ್ನು ಓದಿಯಾದ ಮೇಲೆ, ಎರಡನೆಯ ಪುಟವನ್ನು ಕೇಳುವುದರೊಳಗಾಗಿ, ಆ ನೂರರಲ್ಲಿ ಒಂದನ್ನು ಯಾರೋ ಅಳಿಸಿದರು. ಹಿಂದೆ ೧೦೧ನೆಯವನಾಗಿದ್ದ ಕವಿ ಈಗ ೧೦೦ನೆಯವನಾದನು. ಸರ್ವರು ವಿಧಿಯಂತೆ ನೂರನ್ನು ಬಿಟ್ಟು ಮುಂದಿನವರನ್ನು ಕೊಡುತ್ತದೆ. ಆ ಕವಿ ಮೊದಲ ಪುಟದಲ್ಲಿಯೂ ಇಲ್ಲ, ಎರಡನೆಯದರಲ್ಲಿಯೂ ಇಲ್ಲ. ಪಟ್ಟಿಯಲ್ಲಿ ಮಾತ್ರ ಉದ್ದಕ್ಕೂ ಇದ್ದನು. ಮೊದಲ ಪುಟದಲ್ಲಿ ಹೊಸ ಹೆಸರೊಂದು ಸೇರಿದ್ದರೆ ನೂರನೆಯವನು ಎರಡು ಸಲ ಬರುತ್ತಿದ್ದನು. ಪುನರುಕ್ತಿಯನ್ನು ಓದುಗನು ಕಂಡುಹಿಡಿಯಬಲ್ಲನು, ಲೋಪವನ್ನು ಕಂಡುಹಿಡಿಯಲಾರನು.

ಇದಕ್ಕೆ ಪರಿಹಾರವಾಗಿ, ಇಷ್ಟು ಸಾಲುಗಳನ್ನು ಬಿಡು ಎನ್ನುವ ಬದಲು ಕೊನೆಗೆ ಓದಿದ ಹೆಸರಿನ ಮುಂದಿನಿಂದ ಕೊಡು ಎಂದು ಕೇಳುವ ರೀತಿಯು ಬಳಕೆಗೆ ಬಂದಿತು. ಹಿಂದೆ ಯಾವ ಹೆಸರು ಅಳಿದರೂ ಸೇರಿದರೂ ಇಲ್ಲಿ ಮುಂದಿನ ಪುಟವು ಕೆಡದು. ಆದರೆ ಪ್ರತಿ ಸಾಲಿಗೂ ಪ್ರತ್ಯೇಕವಾದ, ಬದಲಾಗದ ಒಂದು ಗುರುತಿರುವಲ್ಲಿ ಮಾತ್ರ ಇದು ಸಲ್ಲುವುದು.

೫

ಸಂಚಯದ ವಿಷಯದಲ್ಲಿಯೂ ಇಂತಹದೇ ತೊಡಕು ಉಂಟಾಯಿತು. ಜಾಲದಲ್ಲಿ ಸಂಚಯವು ಫಲಕೊಟ್ಟುದು ಒಂದೇ ಬೇಡಿಕೆ ಮತ್ತೆ ಮತ್ತೆ ಬರುತ್ತಿದ್ದುದರಿಂದ. ಮುಕ್ತವಾದ ಪ್ರಶ್ನಭಾಷೆಯಲ್ಲಿ ಇಬ್ಬರು ಒಂದೇ ಸಂಗತಿಯನ್ನು ಎರಡು ಬಗೆಯಾಗಿ ಕೇಳಬಹುದು. ಅರ್ಥ ಒಂದೇ ಆದರೂ ಅಕ್ಷರ ಬೇರೆ. ಅಕ್ಷರವನ್ನು ನೋಡಿ ಗುರುತಿಸುವ ಸಂಚಯಕ್ಕೆ ಅವು ಎರಡು ಪ್ರಶ್ನೆಗಳೇ. ಇನ್ನು, ಒಂದು ತ್ರಿಕವು ಬದಲಾದಾಗ ಕಾದಿಟ್ಟ ಸಾವಿರಾರು ಉತ್ತರಗಳಲ್ಲಿ ಯಾವುವು ಸುಳ್ಳಾದುವೆಂದು ತಿಳಿಯುವುದು ಹೇಗೆ? ಎಲ್ಲವನ್ನೂ ಚೆಲ್ಲಿದರೆ ಸಂಚಯವೇ ವ್ಯರ್ಥ. ಯಾವುದನ್ನೂ ಚೆಲ್ಲದಿದ್ದರೆ ಉತ್ತರವೇ ಮಿಥ್ಯೆ.

ಲೈಪ್ಸಿಗ್ಗಿನ ಮಾರ್ಟಿನ್, ಉನ್‌ಬೆಹಾವೆನ್, ಆವರ್ ಎಂಬವರು ೨೦೧೦ರಲ್ಲಿ ಇದಕ್ಕೊಂದು ಮಾರ್ಗವನ್ನು ಸೂಚಿಸಿದರು. ಭಾಂಡಾರಕ್ಕೂ ಅದನ್ನು ಬಳಸುವ ಕ್ರಮವಿಧಿಗೂ ನಡುವೆ ಒಂದು ಪ್ರತಿನಿಧಿಯನ್ನಿಟ್ಟು, ಪ್ರತಿ ಉತ್ತರದೊಡನೆ ಅದರ ಪ್ರಶ್ನೆಯಲ್ಲಿರುವ ತ್ರಿಕಗಳ ಮಾದರಿಗಳನ್ನೂ ಬರೆದಿಡುವುದು. ಹೊಸ ತ್ರಿಕವೊಂದು ಸೇರಿದಾಗ ಅಥವಾ ಅಳಿದಾಗ ಅದು ಯಾವ ಮಾದರಿಗೆ ಹೊಂದುವುದೋ ಆ ಉತ್ತರಗಳನ್ನು ಮಾತ್ರ ತೆಗೆದುಹಾಕುವುದು. ಪಂಪನ ಕೃತಿಗಳ ವಿಷಯದಲ್ಲಿ ತಿದ್ದುಪಡಿಯಾದರೆ ನದಿಗಳ ಪಟ್ಟಿಯನ್ನು ಕೆಡಿಸಬೇಕಾಗಿಲ್ಲ ಎಂಬುದು ಇದರ ತಾತ್ಪರ್ಯ. ಓದು ಹೆಚ್ಚಾಗಿ ತಿದ್ದುಪಡಿ ಕಡಮೆಯಾಗಿರುವ ಭಾಂಡಾರಗಳಿಗೆ ಇದು ಒಪ್ಪುವ ಮಾರ್ಗ. ಆದರೆ ತಿದ್ದುಪಡಿಗಳೆಲ್ಲ ಆ ಪ್ರತಿನಿಧಿಯ ಕಣ್ಣೆದುರಿಗೇ ನಡೆಯಬೇಕು. ದೂರದ ಬೇರೊಂದು ಭಾಂಡಾರದಲ್ಲಿ ನಡೆದುದು ಅದಕ್ಕೆ ತಿಳಿಯದು.

ಸಂಚಯವು ವೇಗಕ್ಕೆ ಮಾತ್ರವಲ್ಲದೆ ಪೂರ್ಣತೆಗೂ ನೆರವಾಗಬಹುದೆಂಬ ಕುತೂಹಲಕರವಾದ ಸಂಗತಿಯನ್ನು ಒಲಾಫ್ ಹಾರ್ಟಿಗ್ ಅವರು ೨೦೧೧ರಲ್ಲಿ ತೋರಿಸಿದರು. ಕೊಂಡಿಯಿಂದ ಕೊಂಡಿಗೆ ನಡೆಯುತ್ತ ಉತ್ತರವನ್ನು ಹುಡುಕುವ ವಿಧಾನದಲ್ಲಿ, ಹಿಂದಿನ ಪ್ರಶ್ನೆಗಳಿಗಾಗಿ ತಂದ ಪತ್ರಗಳನ್ನು ಉಳಿಸಿಕೊಂಡಿದ್ದರೆ, ಈಗಿನ ಪ್ರಶ್ನೆಯ ದಾರಿಯಲ್ಲಿ ಸಿಕ್ಕದ ಸಂಗತಿಗಳೂ ಉತ್ತರದಲ್ಲಿ ಸೇರುತ್ತವೆ.

೬

ಇತ್ತ ಸಾರ್ವಜನಿಕ ಪ್ರಶ್ನದ್ವಾರಗಳ ಸ್ಥಿತಿ ಹೇಗಿತ್ತೆಂಬುದು ೨೦೧೩ರಲ್ಲಿ ಬುಯಿಲ್-ಅರಾಂದ ಮೊದಲಾದವರು ಪ್ರಕಟಿಸಿದ ಪರೀಕ್ಷೆಯಿಂದ ವಿದಿತವಾಗುತ್ತದೆ. ಅವರು ನೋಡಿದ ೪೨೭ ದ್ವಾರಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಕಾಲ ತೆರೆದಿರುವುದೆಂದು ನಂಬತಕ್ಕವು ಮೂರರಲ್ಲಿ ಒಂದರಷ್ಟೂ ಇರಲಿಲ್ಲ. ಹಲವು ದ್ವಾರಗಳು ಉತ್ತರದ ಸಾಲುಗಳಿಗೆ ಮಿತಿಯನ್ನು ವಿಧಿಸಿದ್ದುವು. ಡಿಬಿಪೀಡಿಯದ ದ್ವಾರದಲ್ಲಿ ೧೦,೦೦೦ ಸಾಲುಗಳ ಮಿತಿಯಿದ್ದುದುಂಟು. ಮಿತಿಗೆ ತಾಗಿ ನಿಂತ ಉತ್ತರವನ್ನು ಪೂರ್ಣವೆಂದು ತಿಳಿದವನು ಮೋಸಹೋಗುವನು. ಎಲ್ಲರಿಗೂ ಎಲ್ಲ ಪ್ರಶ್ನೆಗಳಿಗೂ ಧರ್ಮಾರ್ಥವಾಗಿ ಉತ್ತರ ಕೊಡುವೆನೆಂಬ ವಾಗ್ದಾನವನ್ನು ಸಣ್ಣ ಸಂಸ್ಥೆಗಳು ನಡೆಸಲಾರದೆ ಹೋದುವೆಂಬುದೇ ಇದರ ಅರ್ಥ.

ಬೆಲ್ಜಿಯಮ್ಮಿನ ಘೆಂಟ್ ವಿಶ್ವವಿದ್ಯಾನಿಲಯದ ರೂಬೆನ್ ವೆರ್ಬೊರ್ಗ್ ಅವರೂ ಅವರ ಸಂಗಡಿಗರೂ ೨೦೧೪ರಲ್ಲಿ ವಾಗ್ದಾನವನ್ನೇ ಕಿರಿದುಮಾಡಿದರು. ಅವರ ಏರ್ಪಾಡಿನಲ್ಲಿ ಸರ್ವರಿಗೆ ಒಂದೇ ಬಗೆಯ ಪ್ರಶ್ನೆ ಸಾಕು: ಒಂದು ತ್ರಿಕದ ಮಾದರಿ. ಅದಕ್ಕೆ ಹೊಂದುವ ತ್ರಿಕಗಳ ಒಂದು ಪುಟವನ್ನೂ, ಒಟ್ಟು ಎಷ್ಟಿರಬಹುದೆಂಬ ಅಂದಾಜನ್ನೂ, ಮುಂದಿನ ಪುಟದ ದಾರಿಯನ್ನೂ ಸರ್ವರು ಕೊಡುತ್ತದೆ. ಜಟಿಲವಾದ ಪ್ರಶ್ನೆಯನ್ನು ಇಂತಹ ಸರಳ ಮಾದರಿಗಳಾಗಿ ಒಡೆದು, ಬಂದ ಪುಟಗಳನ್ನು ಹೆಣೆಯುವ ಕೆಲಸ ಕೇಳುವವನ ಯಂತ್ರದ್ದು. ಪ್ರಶ್ನೆಗಳ ಬಗೆ ಕಡಮೆಯಾದುದರಿಂದ ಬೇರೆ ಬೇರೆಯವರ ಬೇಡಿಕೆಗಳೂ ಒಂದೇ ಪುಟಕ್ಕೆ ಬರತೊಡಗಿದುವು. ಸಂಚಯವು ಮತ್ತೆ ಸಾರ್ಥಕವಾಯಿತು. ಸರ್ವರಿನ ಭಾರವು ತಗ್ಗಿತು. ಇದಕ್ಕೆ ತೆತ್ತ ಬೆಲೆಯೆಂದರೆ, ಬೇಡಿಕೆಗಳ ಸಂಖ್ಯೆ ಹೆಚ್ಚಿ, ಉತ್ತರವು ನಿಧಾನವಾದುದು. ಭಾರವು ಮಾಯವಾಗಲಿಲ್ಲ, ಕೊಡುವವನ ಹೆಗಲಿನಿಂದ ಕೇಳುವವನ ಹೆಗಲಿಗೆ ಸರಿಯಿತು.

ಪುಟಗಳ ಅಖಂಡತೆಯ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡುದು ವಿಶ್ವಜಾಲ ಒಕ್ಕೂಟದ ಇನ್ನೊಂದು ಮಂಡಲಿ. ಲಿಂಕ್ಡ್ ಡೇಟಾ ಪ್ಲಾಟ್‌ಫಾರ್ಮ್ ಎಂಬ ಅದರ ಮುಖ್ಯ ಕಟ್ಟಳೆಯು ೨೦೧೫ರ ಫೆಬ್ರವರಿಯಲ್ಲಿ ಮನ್ನಣೆಯನ್ನು ಪಡೆಯಿತು. ಪುಟವಿಭಾಗಕ್ಕೆಂದು ರಚಿಸಿದ ಅನುಬಂಧರೂಪವಾದ ಕಟ್ಟಳೆಯು ಅದೇ ವರ್ಷದ ಜೂನ್ ೩೦ರಂದು ಹೊರಬಿದ್ದಿತು. ಅದರಲ್ಲಿ ಒಂದು ನಿಯಮವು ವಿಶೇಷವಾಗಿ ಗಮನಾರ್ಹವಾದುದು: ಓದುಗನು ಪುಟಗಳನ್ನು ತಿರುವುತ್ತಿರುವ ಕಾಲದುದ್ದಕ್ಕೂ ಬದಲಾಗದೆ ಇದ್ದ ಪ್ರತಿಯೊಂದು ಸಂಗತಿಯೂ ಯಾವುದಾದರೊಂದು ಪುಟದಲ್ಲಿ ಅವನಿಗೆ ದೊರೆಯಲೇಬೇಕು. ಮೇಲೆ ಹೇಳಿದ ೧೦೧ನೆಯ ಕವಿ ಬಿಟ್ಟುಹೋಗಕೂಡದು ಎಂಬುದೇ ಇದರ ಭಾವ. ನಡುವೆ ಸೇರಿದುದು ಅಥವಾ ಅಳಿದುದು ಕಂಡರೂ ಕಾಣಬಹುದು, ಕಾಣದಿದ್ದರೂ ಇರಬಹುದು. ಆ ಮಟ್ಟಿನ ಅನಿಶ್ಚಯವನ್ನು ನಿಯಮವು ಒಪ್ಪಿಕೊಂಡಿತು. ಅಟ್ಲಾಸಿನಲ್ಲಿ ಯಂತ್ರವು ಮೌನವಾಗಿ ಹೊತ್ತಿದ್ದ ಹೊಣೆಯನ್ನು ಐವತ್ತಮೂರು ವರ್ಷಗಳ ಮೇಲೆ ಇಲ್ಲಿ ಮಾತಿನಲ್ಲಿ ಬರೆಯಬೇಕಾಯಿತು. ಆದರೆ ಈ ಅನುಬಂಧವು ಒಕ್ಕೂಟದ ಪೂರ್ಣ ಮನ್ನಣೆಯನ್ನು ಪಡೆಯದೆ, ಮಂಡಲಿಯ ಟಿಪ್ಪಣಿಯೆಂಬ ಹೆಸರಿನಲ್ಲಿಯೇ ಉಳಿಯಿತು. ಅದನ್ನು ಪಾಲಿಸುವ ನಿರ್ಬಂಧ ಯಾರಿಗೂ ಇಲ್ಲ.

೭

ಮುಕ್ತ ಪ್ರಶ್ನೆಯ ಮಾರ್ಗವೂ ನಿಂತುಹೋಗಲಿಲ್ಲ. ೨೦೧೨ರ ಅಕ್ಟೋಬರಿನಲ್ಲಿ ಆರಂಭವಾದ ವಿಕಿಡೇಟಾ ಎಂಬ ಭಾಂಡಾರದಲ್ಲಿ ಹತ್ತು ಕೋಟಿಗೂ ಮೀರಿದ ವಸ್ತುಗಳ ಸಂಗತಿಗಳಿವೆ. ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಅವುಗಳ ಹೆಸರುಗಳನ್ನು ಸೇರಿಸಲು ಅಲ್ಲಿ ಅವಕಾಶವಿದೆ. ೨೦೧೫ರಲ್ಲಿ ಅದಕ್ಕೆ ಸ್ಪಾರ್ಕಲ್ ದ್ವಾರವು ಏರ್ಪಟ್ಟಿತು. ಒಂದು ಪ್ರಶ್ನೆಗೆ ೬೦ ಸೆಕೆಂಡುಗಳೆಂಬ ಕಾಲಮಿತಿಯನ್ನು ವಿಧಿಸಿ ಭಾರವನ್ನು ತಡೆಹಿಡಿಯಲಾಯಿತು. ರಾಶಿಯು ಬೆಳೆಯುತ್ತ ಬರಲು, ೨೦೨೫ರಲ್ಲಿ ವಿದ್ವತ್ಪ್ರಬಂಧಗಳಿಗೆ ಸಂಬಂಧಿಸಿದ ತ್ರಿಕಗಳನ್ನು ಬೇರೆ ದ್ವಾರಕ್ಕೆ ಒಯ್ಯಬೇಕಾಯಿತು. ಅಂದಿನಿಂದ, ಒಂದೇ ದ್ವಾರದಲ್ಲಿ ಕೇಳುತ್ತಿದ್ದ ಕೆಲವು ಪ್ರಶ್ನೆಗಳನ್ನು ಎರಡು ಕಡೆ ಕೇಳಿ ಉತ್ತರಗಳನ್ನು ಕೂಡಿಸಬೇಕಾಗಿದೆ. ಬದಲಾವಣೆಯನ್ನು ಅರಿಯದೆ ಹಳೆಯ ಪ್ರಶ್ನೆಯನ್ನೇ ಕಳುಹಿಸಿದವನಿಗೆ ಮೊದಲಿಗಿಂತ ಚಿಕ್ಕದಾದ ಪಟ್ಟಿ ಬಂದೀತು. ಆ ಪಟ್ಟಿ ಏಕೆ ಚಿಕ್ಕದಾಯಿತೆಂಬುದು ಪಟ್ಟಿಯಿಂದ ತಿಳಿಯದು.

ಇದುವರೆಗಿನ ನಿರೂಪಣೆಯಿಂದ ಒಂದು ಅಂಶವು ಸ್ಪಷ್ಟಪಡುತ್ತದೆ. ಸಂಚಯವೂ ಪುಟವಿಭಾಗವೂ ವಿಶ್ವಾಸಾರ್ಹವಾಗಿ ನಡೆದುದು ಕೊಡುವವನ ವಾಗ್ದಾನವು ಕಿರಿದಾಗಿ, ನಿಶ್ಚಿತವಾಗಿ ಇದ್ದೆಡೆಗಳಲ್ಲಿ: ಅಟ್ಲಾಸಿನ ೫೧೨ ಪದಗಳ ಪುಟದಲ್ಲಿ, ಮುದ್ರೆಯುಳ್ಳ ಜಾಲಪತ್ರದಲ್ಲಿ, ಒಂದೇ ಮಾದರಿಯ ತ್ರಿಕಪುಟದಲ್ಲಿ. ಪ್ರಶ್ನೆಯ ಸ್ವಾತಂತ್ರ್ಯವು ಹೆಚ್ಚಿದಂತೆಲ್ಲ ಉತ್ತರದ ಪ್ರಾಮಾಣ್ಯವನ್ನು ಕಾಯುವ ಕೆಲಸವು ಕೇಳುವವನ ಪಾಲಿಗೆ ಬಂದಿದೆ. ಹಸ್ತಪ್ರತಿಯನ್ನು ಉದಾಹರಿಸುವ ಸಂಪಾದಕನು ಅದು ಯಾವ ಭಂಡಾರದ್ದು, ಎಷ್ಟು ಗರಿಗಳದು, ಎಲ್ಲಿ ಲುಪ್ತವೆಂದು ಹೇಳಿಯೇ ಮುಂದುವರಿಯುತ್ತಾನೆ. ಸಂಬದ್ಧ ದತ್ತಾಂಶದಿಂದ ಪಡೆದ ಪಟ್ಟಿಯನ್ನು ಆಧಾರವಾಗಿ ಕೊಡುವವನೂ ಪ್ರಶ್ನೆಯ ಪೂರ್ಣಪಾಠವನ್ನು, ಕೇಳಿದ ದಿನವನ್ನು, ಸಾಲುಗಳ ಕ್ರಮವನ್ನು, ಎಷ್ಟು ಪುಟಗಳಲ್ಲಿ ಬಂದಿತೆಂಬುದನ್ನು ನಮೂದಿಸತಕ್ಕುದು. ಸಾಧ್ಯವಿದ್ದಲ್ಲಿ ಮೊದಲು ಒಟ್ಟು ಸಂಖ್ಯೆಯನ್ನು ಕೇಳಿಕೊಂಡು, ಪುಟಗಳನ್ನು ಕೂಡಿಸಿದ ಮೇಲೆ ಅದರೊಡನೆ ತಾಳೆನೋಡತಕ್ಕುದು. ಎರಡು ಸಂಖ್ಯೆಗಳೂ ಹೊಂದಿದ ಮಾತ್ರಕ್ಕೆ ಪಟ್ಟಿ ನಿರ್ದುಷ್ಟವೆನ್ನಲಾಗದು, ಒಂದು ಲೋಪವೂ ಒಂದು ಪುನರುಕ್ತಿಯೂ ಒಟ್ಟಿಗೆ ನಡೆದಿರಬಹುದು. ಹೊಂದದಿದ್ದರೆ ಮಾತ್ರ ಎಲ್ಲಿಯೋ ಒಂದು ಹೆಸರು ತಪ್ಪಿದೆಯೆಂದೋ ಮರುಕಳಿಸಿದೆಯೆಂದೋ ತಿಳಿದು, ಮೊದಲ ಪುಟದಿಂದ ಮತ್ತೆ ತೊಡಗಬೇಕು.